ಹುಲಿಯ ಪಟ್ಟೆ ಎಣಿಸಿ ನೋಡಿ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಚಿತ್ರಗಳ ಬಗ್ಗೆ ಮಾತಾಡಲು ಬಂದವನಿಗೆ ಕರೆಂಟು ಕೈಕೊಟ್ಟಿದೆ. ನಲವತ್ತು ಸ್ಲೈಡುಗಳು ಪೆನ್‌ಡ್ರೈವಿನೊಳಗೇ ಕೂತಿವೆ. ಪರವಾಗಿಲ್ಲ. ಒಂದು ಕರಿಹಲಗೆ ಇದೆ, ಎರಡು ಚಾಕ್‌ಪೀಸ್ ಇವೆ. ಉಳಿದ ಚಿತ್ರಗಳನ್ನು ನೀವೇ ಹಾಕಿಕೊಳ್ಳಬೇಕು, ತಲೆಯೊಳಗೆ.

ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿ. ನೀವು ಬೆಳೆದ ಮನೆಯನ್ನು ನೆನಪು ಮಾಡಿಕೊಳ್ಳಿ. ಈಗಿನದಲ್ಲ, ಚಿಕ್ಕವರಿದ್ದಾಗಿನ ಮನೆ. ಅದಕ್ಕೆ ಕಿಟಕಿ ಎಷ್ಟು?

ಆಯಿತಾ? ಕಣ್ಣು ಬಿಡಿ. ಈ ಸಂಖ್ಯೆಯನ್ನು ನೀವು ಯಾವತ್ತೂ ಬಾಯಿಪಾಠ ಮಾಡಿದವರಲ್ಲ. ಬಹುಶಃ ಇದುವರೆಗೆ ಯಾರೂ ಕೇಳಿಯೂ ಇರಲಿಕ್ಕಿಲ್ಲ. ಆದರೂ ಉತ್ತರ ಸಿಕ್ಕಿತು ಅಲ್ವಾ? ಹೆಚ್ಚಿನವರು ಜಗಲಿಯಿಂದ ಹೊರಟು, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲ ಬಾಗಿಲ ತನಕ ಒಂದು ಸುತ್ತು ಹಾಕಿ ಬಂದಿರುತ್ತೀರಿ. ಕೆಲವರ ಬೆರಳು ಆಡುತ್ತಿದ್ದದ್ದನ್ನು ನಾನೇ ನೋಡಿದೆ.

ಯಾರಿಗೆ ಮನೆ ಚೆನ್ನಾಗಿ ಕಂಡಿತು? ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ. ಮಸುಕುಮಸುಕಾಗಿ? ಏಳೆಂಟು ಜನ. ಏನೂ ಕಾಣದವರು? ಎರಡನೇ ಸಾಲಿನಲ್ಲಿ ಒಬ್ಬರು ಅಮ್ಮ ಕೈ ಎತ್ತಿದ್ದಾರೆ.

"ಏನೂ ಕಾಣಲ್ಲ ಸಾರ್. ಕಣ್ಣು ಮುಚ್ಚಿದರೆ ಕತ್ತಲೆ, ಅಷ್ಟೇ."

ಕಿಟಕಿ ಎಷ್ಟು ಅಮ್ಮ?

"ಹನ್ನೊಂದು."

ಕಾಣಲಿಲ್ಲ ಅಂದಿರಿ. ಹನ್ನೊಂದು ಹೇಗೆ ಬಂತು?

"ಅದು ಗೊತ್ತಿಲ್ಲ. ಆದರೆ ಹನ್ನೊಂದೇ."

ಯೋಚನೆ ಮಾಡುತ್ತಿರಿ ಅಮ್ಮ, ಕೊನೆಗೆ ಮತ್ತೆ ಕೇಳುತ್ತೇನೆ. ನನ್ನ ಇವತ್ತಿನ ಮಾತೆಲ್ಲ ನಿಮ್ಮ ಹನ್ನೊಂದರ ಸುತ್ತಲೇ ಸುತ್ತುತ್ತದೆ.

ಇದೇ ಥರದ ಪ್ರಶ್ನೆಯನ್ನು 1880ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಕೇಳಿದ್ದ. ಡಾರ್ವಿನ್ನನ ಸಂಬಂಧಿ. (ಈ ಮನುಷ್ಯನ ಬೇರೆ ಕೆಲವು ವಿಚಾರಗಳು ಬರೀ ವಿಷ. ಯೂಜೆನಿಕ್ಸ್, ಅಂದರೆ ಮನುಷ್ಯರಲ್ಲೂ 'ಒಳ್ಳೆ ತಳಿ' ಬೆಳೆಸಬೇಕು ಅನ್ನುವ ವಾದ, ಆ ಪದ ಹುಟ್ಟಿಸಿದವನೂ ಇವನೇ. ಅದು ಬೇರೆ ದಿನದ ಮಾತು.) ಅವನ ಪ್ರಶ್ನೆ ಸರಳ: ಇವತ್ತು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನಪು ಮಾಡಿಕೊಳ್ಳಿ. ಬೆಳಕು ಎಷ್ಟಿದೆ? ವಸ್ತುಗಳ ಅಂಚು ಸ್ಪಷ್ಟವಾಗಿದೆಯಾ? ಬಣ್ಣ ಕಾಣುತ್ತದಾ? ಮೊದಲು ಕೇಳಿದ್ದು ತನ್ನ ಪರಿಚಯದ ವಿಜ್ಞಾನಿಗಳನ್ನು. ಅವರಲ್ಲಿ ಹಲವರು, ಇದೆಲ್ಲ ಏನು ಕೇಳುತ್ತಿದ್ದೀಯಪ್ಪ ಅನ್ನುವ ಥರ ಉತ್ತರ ಕೊಟ್ಟರು. 'ಮನಸ್ಸಿನ ಕಣ್ಣು' ಅನ್ನುವುದು ಸುಮ್ನೆ ಮಾತಿನ ಅಲಂಕಾರ ಅಂತ ಅವರು ತಿಳಿದಿದ್ದರು. ಬೇರೆಯವರಿಗೆ ನಿಜವಾಗಿ ಏನೋ ಕಾಣುತ್ತದೆ ಅನ್ನುವುದೇ ಅವರಿಗೆ ಹೊಸ ಸುದ್ದಿ.

ಆಮೇಲೆ ಹೆಚ್ಚುಕಡಿಮೆ ನೂರಿಪ್ಪತ್ತು ವರ್ಷ ಈ ವಿಷಯ ಹಾಗೇ ತಣ್ಣಗೆ ಬಿದ್ದಿತ್ತು. ಕೆದಕಿದವರು ಆಡಂ ಝೀಮನ್ ಅನ್ನುವ ಬ್ರಿಟಿಷ್ ನರವೈದ್ಯರು. ಅವರ ಹತ್ತಿರ ಒಬ್ಬ ರೋಗಿ ಬಂದರು. ಅರವತ್ತೈದು ದಾಟುತ್ತಿದ್ದ ವಯಸ್ಸು, ಕಟ್ಟಡಗಳ ಸರ್ವೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೃದಯದ ಚಿಕಿತ್ಸೆ ಆದ ಮೇಲೆ ಅವರ ತಲೆಯೊಳಗಿನ ಚಿತ್ರಗಳೆಲ್ಲ ಆರಿಹೋದವು. ಅದಕ್ಕೆ ಮುಂಚೆ ರಾತ್ರಿ ಮಲಗುವಾಗ ಮನೆಯವರ ಮುಖ, ನೋಡಿದ ಕಟ್ಟಡ ಎಲ್ಲ ತಂದುಕೊಂಡು ನಿದ್ದೆ ಹೋಗುತ್ತಿದ್ದವರು ಅವರು. 2010ರಲ್ಲಿ ಈ ವಿಷಯ ಪ್ರಕಟವಾಯಿತು. ಅದನ್ನು ಓದಿದ ಕೆಲವರು ಪತ್ರ ಬರೆದರು: ನಮಗೆ ಹುಟ್ಟಿದಾಗಿನಿಂದಲೂ ಹೀಗೇ. 2015ರಲ್ಲಿ ಝೀಮನ್ ಇದಕ್ಕೆ 'ಅಫ್ಯಾಂಟೇಸಿಯಾ' ಅಂತ ಹೆಸರಿಟ್ಟರು. ಇದು ಕಾಯಿಲೆ ಅಲ್ಲ. ಕೆಲವರು ಎಡಗೈಯಲ್ಲಿ ಬರೆಯುತ್ತಾರಲ್ಲ, ಹಾಗೆ ಇದೂ ಒಂದು ಬಗೆ.

ಸುಳ್ಳು ಹೇಳುತ್ತಿರಬಹುದು ಅಂತ ನಿಮಗೆ ಅನಿಸಬಹುದು. ಅದಕ್ಕೂ ಒಂದು ಪರೀಕ್ಷೆ ಇದೆ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬರೀ ಬೆಳಕನ್ನು ಕಲ್ಪಿಸಿಕೊಂಡರೂ ಸಾಕು, ಹೆಚ್ಚಿನವರ ಪಾಪೆ ಚೂರು ಕಿರಿದಾಗುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಜೋಯಲ್ ಪಿಯರ್ಸನ್ ತಂಡ ಅಫ್ಯಾಂಟೇಸಿಯಾ ಇರುವವರನ್ನು ಹೀಗೆ ಪರೀಕ್ಷಿಸಿತು. ನಿಜವಾದ ಬೆಳಕಿಗೆ ಅವರ ಪಾಪೆ ಕಿರಿದಾಯಿತು, ಕಲ್ಪಿಸಿದ ಬೆಳಕಿಗೆ ಆಗಲಿಲ್ಲ. ಪಾಪೆಯ ಹತ್ತಿರ ಬೇಕೆಂದು ಸುಳ್ಳು ಹೇಳಿಸುವುದು ಕಷ್ಟ.

ಹಾಗಾದರೆ ಇವರು ಚಿತ್ರ ಬರೆಯಲಾರರೇ? ಆನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರು ಎಡ್ ಕ್ಯಾಟ್‌ಮಲ್. ಕಂಪ್ಯೂಟರಿನಲ್ಲಿ ಬಾಗಿದ ಮೇಲ್ಮೈ ಬರೆಯುವುದನ್ನು ಜಗತ್ತಿಗೆ ಕಲಿಸಿದವರಲ್ಲಿ ಅವರೂ ಒಬ್ಬರು. ಅವರಿಗೆ ತಲೆಯೊಳಗೆ ಏನೂ ಕಾಣುವುದಿಲ್ಲ. ಡಿಸ್ನಿಯ ಹೆಸರಾಂತ ಆನಿಮೇಟರ್ ಗ್ಲೆನ್ ಕೀನ್ ಅವರಿಗೂ ಕಾಣುವುದಿಲ್ಲ. ಚಿತ್ರ ಅವರ ತಲೆಯಲ್ಲಿ ಮೊದಲು ಮೂಡಿ ಆಮೇಲೆ ಕಾಗದಕ್ಕೆ ಇಳಿಯುವುದಿಲ್ಲ. ಗೀಚುತ್ತಾ ಗೀಚುತ್ತಾ ಕಾಗದದ ಮೇಲೆಯೇ ಹುಟ್ಟುತ್ತದೆ. ಇದನ್ನು ಓದಿದ ದಿನ ನನ್ನ ತಲೆಯಲ್ಲಿದ್ದ ಒಂದು ನಂಬಿಕೆ ಮುರಿಯಿತು.

ಈಗ ಕಾಣುತ್ತದೆ ಅಂದವರ ಸರದಿ. ಒಂದು ಹುಲಿ ತಂದುಕೊಳ್ಳಿ. ಬಂಡೀಪುರದ್ದೇ ಇರಲಿ, ರಸ್ತೆ ಪಕ್ಕ ನಿಂತಿದೆ. ಚೆನ್ನಾಗಿ ಕಾಣುತ್ತಿದೆಯಾ? ಈಗ ಅದರ ಮೈಮೇಲಿನ ಪಟ್ಟೆ ಎಣಿಸಿ.

ನಗುತ್ತಿದ್ದೀರಿ. ಎಣಿಸಲು ಆಗುವುದಿಲ್ಲ. ಪಟ್ಟೆ ಇದೆ, ಆದರೆ ಇಷ್ಟೇ ಅಂತಿಲ್ಲ. ಫೋಟೋದಲ್ಲಾದರೆ ಎಣಿಸಬಹುದಿತ್ತು. 'ಹುಲಿಗೆ ಪಟ್ಟೆ ಇದೆ' ಅನ್ನುವ ವಾಕ್ಯದಲ್ಲಿ ಎಣಿಸಲು ಏನೂ ಇಲ್ಲ. ನಿಮ್ಮ ತಲೆಯಲ್ಲಿರುವುದು ಇವೆರಡರ ನಡುವಿನ ಏನೋ ಒಂದು. ಫೋಟೋ ಥರ ಕಾಣುತ್ತದೆ, ವಾಕ್ಯದ ಥರ ಕೈಗೆ ಸಿಗದೆ ಜಾರುತ್ತದೆ.

ಮನಶ್ಶಾಸ್ತ್ರಜ್ಞರು ಇದರ ಮೇಲೆ ದಶಕಗಟ್ಟಲೆ ಜಗಳವಾಡಿದರು. ಝೆನನ್ ಪಿಲಿಶಿನ್ 1973ರಲ್ಲಿ ಹೇಳಿದ್ದು: ಚಿತ್ರ ಅನ್ನುವುದು ಬರೀ ಅನಿಸಿಕೆ, ಒಳಗೆ ಇರುವುದೆಲ್ಲ ವಾಕ್ಯದಂಥ ವಿವರಣೆಗಳೇ. ಇಲ್ಲ, ಒಳಗೆ ನಿಜಕ್ಕೂ ನಕ್ಷೆಯಂಥದ್ದು ಇದೆ ಅಂದವರು ಸ್ಟೀಫನ್ ಕಾಸ್ಲಿನ್. ಅವರು ಜನರಿಗೆ ಒಂದು ದ್ವೀಪದ ನಕ್ಷೆ ತೋರಿಸಿ ಕಲಿಸಿದರು. ಆಮೇಲೆ ಕಣ್ಣು ಮುಚ್ಚಿಸಿ, ಗುಡಿಸಲಿನಿಂದ ಬಾವಿಗೆ ಹೋಗಿ ಅನ್ನುವ ಥರದ ಪ್ರಶ್ನೆ ಕೇಳಿದರು. ನಕ್ಷೆಯಲ್ಲಿ ದೂರ ಜಾಸ್ತಿ ಇದ್ದರೆ ಉತ್ತರಕ್ಕೂ ಜಾಸ್ತಿ ಹೊತ್ತು ಹಿಡಿಯಿತು.

ನನಗೆ ಇದಕ್ಕಿಂತ ಇಷ್ಟವಾದದ್ದು 1971ರ ಒಂದು ಪ್ರಯೋಗ. ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್‌ಲರ್ ಮಾಡಿದ್ದು. ಇದರ ಯೋಚನೆ ಶೆಪರ್ಡ್‌ಗೆ ಬಂದದ್ದು ಅರೆನಿದ್ದೆಯಲ್ಲಿ, ಗಾಳಿಯಲ್ಲಿ ತಿರುಗುವ ಆಕಾರಗಳು ಕಂಡವಂತೆ. ಹಲಗೆ ನೋಡಿ. ಹತ್ತು ಘನಗಳನ್ನು ಅಂಟಿಸಿ ಹೀಗೆ ಮೂಲೆಮೂಲೆಯಲ್ಲಿ ಬಾಗಿಸಿದ ಒಂದು ಆಕಾರ. ಪಕ್ಕದಲ್ಲಿ ಇನ್ನೊಂದು. ಎರಡೂ ಒಂದೇನಾ, ಅಥವಾ ಒಂದು ಇನ್ನೊಂದರ ಕನ್ನಡಿ ಪ್ರತಿಬಿಂಬವಾ? ಎಂಟು ಜನರಿಗೆ ಇಂಥ 1600 ಜೋಡಿ ತೋರಿಸಿ ಉತ್ತರಕ್ಕೆ ಹಿಡಿದ ಹೊತ್ತು ಅಳೆದರು. ಒಂದೇ ಕಡೆ ಮುಖ ಮಾಡಿದ್ದರೆ ಸುಮಾರು ಒಂದು ಸೆಕೆಂಡ್. ಒಂದನ್ನು ಓರೆ ಮಾಡಿದಷ್ಟೂ ಹೊತ್ತು ಏರುತ್ತಾ ಹೋಯಿತು. ಅಡ್ಡಾದಿಡ್ಡಿಯಾಗಿ ಅಲ್ಲ, ಸ್ಕೇಲ್ ಇಟ್ಟು ಎಳೆದ ಗೆರೆ ಥರ. ಸುಮಾರು 60 ಡಿಗ್ರಿಗೆ ಒಂದು ಸೆಕೆಂಡ್. ಜನ ತಲೆಯೊಳಗೆ ಆ ಗಟ್ಟಿ ವಸ್ತುವನ್ನು ನಿಧಾನಕ್ಕೆ ತಿರುಗಿಸುತ್ತಿದ್ದಂತೆ.

ಝೀಮನ್ ಅವರ ಆ ರೋಗಿಗೂ ಇಂಥದ್ದೇ ಪರೀಕ್ಷೆ ಕೊಟ್ಟರು. ಏನೂ ಕಾಣದ ಮನುಷ್ಯ ಸರಿ ಉತ್ತರಗಳನ್ನೇ ಕೊಟ್ಟರು. ಆದರೆ ಕೋನದ ಜೊತೆ ಸಮಯ ಏರುವ ಆ ನೇರ ಗೆರೆ ಅವರಲ್ಲಿ ಸಿಗಲಿಲ್ಲ. ಅದೇ ಊರಿಗೆ ಅವರು ಬೇರೆ ದಾರಿಯಲ್ಲಿ ಹೋಗಿದ್ದರು.

ನಮ್ಮ ಲಿಪಿಯಲ್ಲೂ ಒಂದು ಆಟ ಆಡೋಣ. ಮನಸ್ಸಿನಲ್ಲೇ 'ರ' ಬರೆಯಿರಿ. ಅದರ ಹೊಟ್ಟೆಯೊಳಗೆ ಒಂದು ಚುಕ್ಕಿ ಇಡಿ. ಏನಾಯಿತು? ಮಕ್ಕಳು ಎಲ್ಲರಿಗಿಂತ ಮುಂಚೆ ಕೂಗಿದರು, 'ಠ'! ಚುಕ್ಕಿ ಇಡಿ ಅಂತ ನಾನು ಹೇಳಿದ್ದು ಮಾತಿನಲ್ಲಿ. ಅಕ್ಷರ ಹುಟ್ಟಿದ್ದು ಮಾತಿನಿಂದಲ್ಲ. ಒಳಗೆ ಇಟ್ಟ ಮೇಲೆ, ಇಟ್ಟದ್ದನ್ನು ನೀವೇ ಓದಿದಿರಿ. ಚಿತ್ರದ ಲಾಭ ಇರುವುದು ಇಲ್ಲಿ. ನಾವೇ ಹಾಕಿದ್ದರಲ್ಲಿ ನಾವು ಹಾಕದೇ ಇದ್ದದ್ದು ಸಿಗುತ್ತದೆ.

ನಮ್ಮ ದೊಡ್ಡಮ್ಮ ಚುಕ್ಕಿ ರಂಗೋಲಿಯಲ್ಲಿ ಎತ್ತಿದ ಕೈ. ಹದಿನೈದರಿಂದ ಎಂಟು, ಸಂದು ಚುಕ್ಕಿ, ಅಷ್ಟು ಹೇಳಿದರೆ ಸಾಕು, ಅಂಗಳದಲ್ಲಿ ನವಿಲು ಕೂತಿರುತ್ತಿತ್ತು. ಹೇಗೆ ಬರುತ್ತೆ ದೊಡ್ಡಮ್ಮ, ಸ್ವಲ್ಪ ಹೇಳು ಅಂದರೆ ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. "ಇಲ್ಲಿಂದ ಹೀಗೆ ಬಂದು, ಹೀಗೆ" ಅಂತ ಗಾಳಿಯಲ್ಲಿ ಬೆರಳು ಆಡಿಸುತ್ತಿದ್ದರು. ಹಿಟ್ಟಿಲ್ಲ, ನೆಲವಿಲ್ಲ, ಬೆರಳು ಮಾತ್ರ. ಅವರಲ್ಲಿ ಇದ್ದದ್ದು ನವಿಲಿನ ಚಿತ್ರವೋ, ಕೈಯ ನಡೆಯೋ? ಮದ್ರಾಸಿನಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಎಂಬ ಗಣಿತಜ್ಞರು 1974ರಲ್ಲೇ ಕೋಲಂ ರಂಗೋಲಿಗೆ ವ್ಯಾಕರಣ ಬರೆದಿದ್ದರು. ಭಾಷೆಗೆ ಇರುವಂಥ ನಿಯಮಗಳು, ಆದರೆ ಪದದ ಬದಲು ಚುಕ್ಕಿ ಮತ್ತು ಗೆರೆ. ಕಂಪ್ಯೂಟರಿನಲ್ಲಿ ಚಿತ್ರ ಅನ್ನುವುದೇ ಅಪರೂಪವಾಗಿದ್ದ ಕಾಲ ಅದು.

ಐನ್‌ಸ್ಟೈನ್ ಕೂಡ ದೊಡ್ಡಮ್ಮನ ಪಕ್ಷವೇ. ಗಣಿತಜ್ಞ ಜಾಕ್ ಹಡಮಾರ್ 'ನೀವು ಹೇಗೆ ಯೋಚಿಸುತ್ತೀರಿ' ಅಂತ ಕೇಳಿದ್ದಕ್ಕೆ ಅವರು ಪತ್ರ ಬರೆದರು. ತನ್ನ ಯೋಚನೆಯಲ್ಲಿ ಪದಗಳಿಗೆ ಕೆಲಸ ಇಲ್ಲ, ಅಲ್ಲಿರುವ ಅಂಶಗಳು ಕಣ್ಣಿಗೆ ಸೇರಿದವು, ಕೆಲವು ಸ್ನಾಯುವಿಗೆ ಸೇರಿದವು ಅನ್ನುವ ಅರ್ಥದ ಮಾತು ಅದರಲ್ಲಿದೆ. ಎಲ್ಲರೂ ಮೊದಲರ್ಧವನ್ನೇ ಎತ್ತಿ ಹೇಳುತ್ತಾರೆ, ಐನ್‌ಸ್ಟೈನ್ ಚಿತ್ರದಲ್ಲಿ ಯೋಚಿಸುತ್ತಿದ್ದರು ಅಂತ. ಆ ಸ್ನಾಯುವನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ.

ಈಗ ಯಂತ್ರದ ಕಡೆ ಬರೋಣ. ನಾನು ಗಣಿತದ ಮೇಷ್ಟ್ರು, ಹಾಗಾಗಿ ರೇಖಾಗಣಿತದಿಂದಲೇ.

ಹೈಸ್ಕೂಲಿನಲ್ಲಿ ಪ್ರಮೇಯ ಬರೆದ ನೆನಪಿದೆಯಾ? ದತ್ತ, ಸಾಧನೀಯ, ರಚನೆ, ಸಾಧನೆ. ಮಕ್ಕಳನ್ನು ಸಿಕ್ಕಿಸುವುದು ಮೂರನೆಯದು. ತ್ರಿಭುಜದ ಮೂರು ಕೋನ ಸೇರಿದರೆ 180 ಡಿಗ್ರಿ ಅಂತ ತೋರಿಸಬೇಕು. ಎಷ್ಟು ಹೊತ್ತು ನೋಡಿದರೂ ತ್ರಿಭುಜ ಬಾಯಿ ಬಿಡುವುದಿಲ್ಲ. ಮೇಲಿನ ಮೂಲೆಯಲ್ಲಿ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದ ಕೂಡಲೇ ಎಲ್ಲ ಬಿಚ್ಚಿಕೊಳ್ಳುತ್ತದೆ. ಆ ಗೆರೆ ದತ್ತದಲ್ಲಿ ಇರಲಿಲ್ಲ, ಸಾಧನೀಯದಲ್ಲೂ ಇರಲಿಲ್ಲ. ಎಲ್ಲಿಂದ ಬಂತು ಸಾರ್ ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ನಾನು ಪ್ರತಿ ವರ್ಷ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

1959ರಲ್ಲಿ ಐಬಿಎಂನ ಹರ್ಬರ್ಟ್ ಗೆಲರ್ನ್‌ಟರ್ ಪ್ರಮೇಯ ಸಾಧಿಸುವ ಒಂದು ಪ್ರೋಗ್ರಾಂ ಬರೆದರು. ಓಡಿದ್ದು ಐಬಿಎಂ 704 ಅನ್ನುವ ಯಂತ್ರದಲ್ಲಿ. ಬರೀ ತರ್ಕದಿಂದ ಹೊರಟರೆ ದಾರಿಗಳು ಸಾವಿರಾರು ಕವಲೊಡೆದು ಯಂತ್ರ ಸುಸ್ತಾಗುತ್ತದೆ. ಗೆಲರ್ನ್‌ಟರ್ ಒಂದು ಉಪಾಯ ಮಾಡಿದರು. ಯಂತ್ರಕ್ಕೆ ಆಕೃತಿಯನ್ನೂ ಕೊಟ್ಟರು, ಬಿಂದುಗಳ ಅಂಕಿಗಳಾಗಿ. ಈ ಎರಡು ಕೋನ ಸಮ ಅಂತ ಸಾಧಿಸಲು ಹೊರಡುವ ಮುಂಚೆ ಯಂತ್ರ ಆಕೃತಿಯಲ್ಲಿ ಅಳೆದು ನೋಡುತ್ತದೆ. ಅಲ್ಲಿ ಸಮ ಇಲ್ಲದಿದ್ದರೆ ಆ ದಾರಿಯನ್ನೇ ಬಿಡುತ್ತದೆ. ನಮ್ಮ ಮಕ್ಕಳು ಮಾಡುವುದೂ ಇದನ್ನೇ. ಆಕೃತಿ ಸಾಧನೆ ಬರೆದುಕೊಡುವುದಿಲ್ಲ. ಆದರೆ ಹುಚ್ಚು ದಾರಿ ಹಿಡಿದವನ ಕಾಲರ್ ಹಿಡಿದು ಎಳೆಯುತ್ತದೆ.

ಅರವತ್ತೈದು ವರ್ಷ ಆದ ಮೇಲೆ, 2024ರ ಜನವರಿಯಲ್ಲಿ, ಗೂಗಲ್ ಡೀಪ್‌ಮೈಂಡ್‌ನವರ ಆಲ್ಫಾಜಾಮೆಟ್ರಿ ಬಂತು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 30 ರೇಖಾಗಣಿತ ಲೆಕ್ಕಗಳಲ್ಲಿ 25ನ್ನು ಬಿಡಿಸಿತು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಓದುವಾಗ ನಾನು ಹುಡುಕಿದ್ದು ಒಂದೇ: ರಚನೆ ಎಲ್ಲಿಂದ ಬರುತ್ತದೆ? ಅದರಲ್ಲಿ ಎರಡು ಭಾಗ. ಒಂದು ತರ್ಕದ ಯಂತ್ರ, ಗೊತ್ತಿರುವುದರಿಂದ ಗೊತ್ತಾಗುವುದನ್ನೆಲ್ಲ ಹಿಂಡುತ್ತದೆ. ಅದು ನಿಂತುಹೋದಾಗ ಇನ್ನೊಂದು ಭಾಗ 'ಇಲ್ಲೊಂದು ಬಿಂದು ಇಡು' ಅನ್ನುತ್ತದೆ. ಈ ಎರಡನೆಯದು ಭಾಷೆಯ ಮಾದರಿ, ಚಾಟ್ ಮಾಡುವ ಯಂತ್ರಗಳ ಜಾತಿಯದೇ. ಅದು ಆಕೃತಿಯನ್ನು ನೋಡುವುದೇ ಇಲ್ಲ! ಯಂತ್ರವೇ ಹುಟ್ಟಿಸಿಕೊಂಡ ಹತ್ತು ಕೋಟಿ ಉದಾಹರಣೆಗಳನ್ನು ಅಕ್ಷರದ ಸಾಲುಗಳಾಗಿ ಓದಿ ಓದಿ, ಎಂಥ ಲೆಕ್ಕಕ್ಕೆ ಎಂಥ ಬಿಂದು ಅಂತ ಕಲಿತಿದೆ. ಗೆರೆ ಎಳೆಯುತ್ತದೆ, ಕಾಣದೆಯೇ.

ಹಾಗಾದರೆ ಚಿತ್ರ ಬೇಡವೇ ಬೇಡ ಅನ್ನೋಣವಾ? ನಾನು ಅಷ್ಟು ದೂರ ಹೋಗಲಾರೆ. ಆ ಹುಡುಗನಿಗೆ ಹತ್ತು ಕೋಟಿ ಉದಾಹರಣೆ ಬೇಕಾಗಲಿಲ್ಲ. ನಾಲ್ಕು ಆಕೃತಿ ಬರೆದ ಮೇಲೆ ಐದನೆಯದಕ್ಕೆ ತಾನೇ ಗೆರೆ ಎಳೆದ. ಚಿತ್ರ ಅಗ್ಗದ ದಾರಿ, ಅಷ್ಟು ಹೇಳಬಲ್ಲೆ.

ಇನ್ನು ಫೋಟೋ ಗುರುತಿಸುವ ಯಂತ್ರಗಳು. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1966ರ ಬೇಸಿಗೆಯಲ್ಲಿ ಇದನ್ನು ವಿದ್ಯಾರ್ಥಿಗಳ ರಜಾ ಕೆಲಸ ಅಂತ ಶುರು ಮಾಡಿದ್ದರು. ಆ ಬೇಸಿಗೆಯಲ್ಲಿ ಮುಗಿಯಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. 2012ರಲ್ಲಿ ಅಲೆಕ್ಸ್‌ನೆಟ್ ಅನ್ನುವ ಜಾಲ, ಅಂದರೆ ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ಸುಮಾರು ಹನ್ನೆರಡು ಲಕ್ಷ ಫೋಟೋ ನೋಡಿ ಸಾವಿರ ಬಗೆಯ ವಸ್ತು ಗುರುತಿಸಲು ಕಲಿಯಿತು. ಫೋಟೋ ಗುರುತಿಸುವ ಒಂದು ಸ್ಪರ್ಧೆಯಲ್ಲಿ ಅದರ ತಪ್ಪು ಶೇಕಡ 15.3, ಎರಡನೇ ಸ್ಥಾನದವರದು 26.2. ಯಂತ್ರಕ್ಕೆ ಫೋಟೋ ಅಂದರೆ ಅಂಕಿಗಳ ಚಾಪೆ. 224 ಚುಕ್ಕಿ ಅಗಲ, 224 ಚುಕ್ಕಿ ಎತ್ತರದ ಸಣ್ಣ ಫೋಟೋದಲ್ಲೂ, ಚುಕ್ಕಿಗೆ ಮೂರು ಬಣ್ಣದ ಲೆಕ್ಕದಲ್ಲಿ, 1,50,528 ಅಂಕಿ. ಅದರ ಹುಲಿಗೆ ಪಟ್ಟೆ ಎಷ್ಟು ಅಂದರೆ ಅಷ್ಟೇ. ಒಂದೂ ಜಾರುವುದಿಲ್ಲ.

ಆದರೆ ನೋಡಿ. 2019ರಲ್ಲಿ ಜರ್ಮನಿಯ ರಾಬರ್ಟ್ ಗೈರ್‌ಹೋಸ್ ಮತ್ತು ಜೊತೆಗಾರರು ಒಂದು ಕಿಡಿಗೇಡಿ ಚಿತ್ರ ಮಾಡಿದರು. ಆಕಾರ ಬೆಕ್ಕಿನದು, ಮೈಗೆ ಆನೆಯ ಸುಕ್ಕು ಚರ್ಮ. ನಮ್ಮ ಯಾವ ಮಗುವನ್ನು ಕೇಳಿದರೂ ಬೆಕ್ಕು ಅನ್ನುತ್ತದೆ. ಫೋಟೋಗಳಿಂದ ಕಲಿತ ಜಾಲ ಆನೆ ಅಂದಿತು. ಚರ್ಮ ನೋಡಿ ಹೆಸರು ಹೇಳುವುದೇ ಅದಕ್ಕೆ ಸುಲಭವಾಗಿತ್ತು, ಅದನ್ನೇ ಕಲಿತಿತ್ತು. ನಾವು ಪಟ್ಟೆ ಎಣಿಸಲಾರೆವು, ಹುಲಿಯನ್ನು ಬಿಡುವುದಿಲ್ಲ. ಅದಕ್ಕೆ ಪಟ್ಟೆಯೆಲ್ಲ ಕಂಡು ಹುಲಿಯೇ ತಪ್ಪಿಹೋಗಬಹುದು.

ಯಾಕೆ ಹೀಗೆ? ನನ್ನ ಅನುಮಾನ ಕೈಯ ಮೇಲೆ. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನ್ಯೂ ದಾರ್ಶನಿಕ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳಿಸಿದ್ದ. ಹುಟ್ಟು ಕುರುಡ, ಘನ ಯಾವುದು ಗೋಳ ಯಾವುದು ಅಂತ ಮುಟ್ಟಿ ಹೇಳಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ಕಣ್ಣು ಬಂದರೆ ಮುಟ್ಟದೆ, ಬರೀ ನೋಡಿ ಹೇಳಬಲ್ಲನೇ? ಮುನ್ನೂರು ವರ್ಷ ಇದರ ಮೇಲೆ ವಾದ ನಡೆಯುತ್ತಲೇ ಇತ್ತು. ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದ ಮಕ್ಕಳಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಹುಟ್ಟಿನಿಂದ ಸರಿಯಾಗಿ ಕಾಣದೆ, ಹೊಸದಾಗಿ ಕಣ್ಣು ಬಂದ ಐದು ಮಕ್ಕಳನ್ನು ಅವರು ಪರೀಕ್ಷಿಸಿದ್ದು 2011ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಹಿಡಿದ ಆಟಿಕೆಯನ್ನು ಮಕ್ಕಳು ಕಣ್ಣಿನಿಂದ ಗುರುತಿಸಲಾರದೆ ಹೋದರು. ಹೆಚ್ಚುಕಡಿಮೆ ಊಹೆಯಷ್ಟೇ. ಆದರೆ ಕೆಲವೇ ದಿನಗಳಲ್ಲಿ, ಯಾರೂ ಪಾಠ ಹೇಳದೆ, ಕಲಿತುಬಿಟ್ಟರು. ಮುಟ್ಟುತ್ತಾ ನೋಡುತ್ತಾ ಓಡಾಡಿದರು, ಅಷ್ಟೇ. ಅಲೆಕ್ಸ್‌ನೆಟ್‌ಗೆ ಹನ್ನೆರಡು ಲಕ್ಷ ಫೋಟೋ ಇತ್ತು, ಒಂದನ್ನಾದರೂ ಕೈಗೆತ್ತಿಕೊಂಡು ತಿರುಗಿಸಿ ನೋಡುವ ಅವಕಾಶ ಇರಲಿಲ್ಲ.

ಹಾಗಾಗಿ 'ಯಂತ್ರದ ಒಳಗೆ ಚಿತ್ರ ಇದೆಯಾ' ಅಂತ ಯಾರಾದರೂ ಕೇಳಿದರೆ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮನುಷ್ಯರಲ್ಲೇ ಕೆಲವರಿಗೆ ಇಲ್ಲ. ಇರುವ ಚಿತ್ರವನ್ನು ಅದು ಏನು ಮಾಡುತ್ತದೆ ಅಂತ ಕೇಳುತ್ತೇನೆ. ತಿರುಗಿಸುತ್ತದಾ? ಗೆರೆ ಎಳೆದು, ಎಳೆದದ್ದನ್ನು ಮತ್ತೆ ನೋಡುತ್ತದಾ? 2025ರಲ್ಲಿ ಬಂದ ಕೆಲವು ಮಾದರಿಗಳು ಯೋಚಿಸುವ ನಡುವೆಯೇ ಫೋಟೋದ ಒಂದು ಮೂಲೆ ಕತ್ತರಿಸಿ, ಹಿಗ್ಗಿಸಿ, ತಲೆಕೆಳಗಾಗಿದ್ದರೆ ತಿರುಗಿಸಿ ಮತ್ತೆ ನೋಡುತ್ತವೆ. ಚಂದದ ಹುಲಿ ಬರೆದುಕೊಡುವ ಯಂತ್ರಗಳಿಗಿಂತ ನನಗೆ ಇವುಗಳ ಮೇಲೆ ಕುತೂಹಲ ಜಾಸ್ತಿ.

ಅಮ್ಮ, ಈಗ ನಿಮ್ಮ ಸರದಿ. ಹನ್ನೊಂದು ಹೇಗೆ ಬಂತು?

(ಅವರು ಎದ್ದು ನಿಂತರು. ಬಲಗೈಯಲ್ಲಿ ಗಾಳಿಯಲ್ಲೇ ಏನೋ ಮೇಲಕ್ಕೆತ್ತಿ ತಳ್ಳಿದರು.)

"ಈಗ ಗೊತ್ತಾಯ್ತು ಸಾರ್. ಬೆಳಿಗ್ಗೆ ಎದ್ದು ಕಿಟಕಿ ಎಲ್ಲ ತೆಗೆಯೋದು ನನ್ನ ಕೆಲಸ ಆಗಿತ್ತು. ಹತ್ತಕ್ಕೆ ಚಿಲಕ ಎತ್ತಿದರೆ ಆಯಿತು. ದೇವರಮನೆಯದು ಮಾತ್ರ ಗಟ್ಟಿ, ಭುಜ ಕೊಟ್ಟು ತಳ್ಳಬೇಕಿತ್ತು."